ಮೊಟ್ಟೆಯಾಕಾರದ ಚೆಂಡಿನ ಬೆನ್ನುಹತ್ತಿ ಐದು ದಿನ

2025ರ ನವೆಂಬರ್ 6, ಗುರುವಾರ: ಫ್ರಾಂಕ್‌ಫರ್ಟ್

ತುಮಕೂರು ಜಿಲ್ಲೆಯ ಪ್ರೌಢಶಾಲೆಗಳಲ್ಲಿ 31 ವರ್ಷ ದೈಹಿಕ ಶಿಕ್ಷಣದ ಮೇಷ್ಟರಾಗಿದ್ದವನಿಗೆ ಯಾವ ಊರಿಗೆ ಹೋದರೂ ಮೊದಲು ಕಣ್ಣಿಗೆ ಬೀಳುವುದು ಆಟದ ಬಯಲೇ. ಮಗಳ ಮನೆಗೆಂದು ಜರ್ಮನಿಗೆ ಬಂದು ಐದು ವಾರವಾಗಿತ್ತು. ಮನೆಯ ಹಿಂದಿನ ಮೈದಾನದಲ್ಲಿ ದಿನವೂ ಕಾಲ್ಚೆಂಡಾಟ ನಡೆಯುತ್ತಿತ್ತು. ಸೋಮವಾರ ಸಂಜೆ ಮಾತ್ರ ಅದರ ಒಂದು ಮೂಲೆಯಲ್ಲಿ, ಸೊಂಟಕ್ಕೆ ಬಣ್ಣದ ಪಟ್ಟಿ ಸಿಕ್ಕಿಸಿಕೊಂಡ ಮಕ್ಕಳು ಎರಡೂ ತುದಿ ಚೂಪಾದ ಕಂದು ಚೆಂಡನ್ನು ಎಸೆದಾಡುತ್ತಿದ್ದರು. ಅವರಲ್ಲಿ ನನ್ನ ಮೊಮ್ಮಗನೂ ಒಬ್ಬ. ಬರ್ಲಿನ್ನಿನಲ್ಲಿ ಭಾನುವಾರ ನಡೆಯಲಿದ್ದ, ಅಮೆರಿಕನ್ ಫುಟ್‌ಬಾಲಿನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ಪಂದ್ಯಕ್ಕೆ ಅಳಿಯನ ಕಚೇರಿಯವರೊಬ್ಬರು ಹೋಗಲಾಗದೆ ಬಿಟ್ಟುಕೊಟ್ಟ ಮೂರು ಟಿಕೆಟ್‌ಗಳು ನಮ್ಮ ಪಾಲಿಗೆ ಬಂದಾಗ, "ಮಾವ, ನೀವೂ ಬನ್ನಿ, ಮೇಷ್ಟರ ಕಣ್ಣಿಗೆ ಏನು ಕಾಣುತ್ತೋ ನೋಡೋಣ" ಎಂದು ಅಳಿಯ ಕರೆದ. ಕಾಲ್ಚೆಂಡಿನ ತವರು ಎನಿಸಿಕೊಂಡ ಯೂರೋಪಿನಲ್ಲಿ ಈ ಅಮೆರಿಕದ ಆಟ ಹೇಗೆ ಬೇರುಬಿಟ್ಟಿತು ಎಂಬುದನ್ನು ನೋಡಿಕೊಂಡೇ ಹೋಗೋಣ ಎಂದುಕೊಂಡು ನಾನು ಮೂರು ದಿನ ಮುಂಚೆಯೇ ತಿರುಗಾಟ ಶುರುಮಾಡಿದೆ.

ಮೊದಲ ಪಾಠ ಕಲಿಸಿದವನು ಮೊಮ್ಮಗನೇ. ಜರ್ಮನರಿಗೆ ಕಾಲ್ಚೆಂಡು 'ಫುಸ್‌ಬಾಲ್'. ಅಮೆರಿಕದ ಆಟವನ್ನು ಅವರು ಇಂಗ್ಲಿಷಿನ ಉಚ್ಚಾರದಲ್ಲೇ 'ಫುಟ್‌ಬಾಲ್' ಎನ್ನುತ್ತಾರೆ. ಒಂದೇ ಅರ್ಥದ ಎರಡು ಪದ ಎರಡು ಆಟಗಳನ್ನು ಹೀಗೆ ಹಂಚಿಕೊಂಡಿರುವುದರಿಂದ ನಮಗಾಗುವ ಗೊಂದಲ ಅವರಿಗಿಲ್ಲ. ಚೆಂಡಿಗೆ ಅವರಿಟ್ಟ ಅಡ್ಡಹೆಸರು 'ಮೊಟ್ಟೆ'.

ಬೆಳಿಗ್ಗೆ ನಾನು ಹೋದದ್ದು ಮೈದಾನಕ್ಕಲ್ಲ, ಗೊಯಟೆ ವಿಶ್ವವಿದ್ಯಾಲಯದ ಆವರಣಕ್ಕೆ. ಅಲ್ಲಿ ಬಾಗಿದ ಬೆನ್ನೆಲುಬಿಗೆ ಆರು ಪಕ್ಕೆಲುಬು ಜೋಡಿಸಿದಂತೆ ನಿಂತಿರುವ ದೊಡ್ಡ ಕಟ್ಟಡ ಮೂಲತಃ ಐಜಿ ಫಾರ್ಬೆನ್ ಎಂಬ ರಾಸಾಯನಿಕ ಕಂಪನಿಯದು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅದು ಅಮೆರಿಕದ ಸೈನ್ಯದ ಕೈಗೆ ಬಂದು, 1990ರ ದಶಕದವರೆಗೂ ಅವರದೇ ಆಗಿತ್ತು. ಶೀತಲ ಸಮರದ ಕಾಲದಲ್ಲಿ ಪಶ್ಚಿಮ ಜರ್ಮನಿಯಲ್ಲಿ ಸುಮಾರು ಎರಡೂವರೆ ಲಕ್ಷ ಅಮೆರಿಕನ್ ಸೈನಿಕರಿದ್ದರು. ಅವರ ಹಿಂದೆ ಸಂಸಾರಗಳು, ಶಾಲೆಗಳು, ಅಂಗಡಿಗಳು, ಎಎಫ್‌ಎನ್ ಎಂಬ ಬಾನುಲಿ ಕೇಂದ್ರ ಎಲ್ಲವೂ ಬಂದವು. ಆ ಶಾಲೆಗಳ ಬಯಲಿನಲ್ಲಿ ಮೊಟ್ಟೆಯಾಕಾರದ ಚೆಂಡು ಹಾರಾಡಿತು. ಬೇಲಿಯಾಚೆ ನಿಂತು ನೋಡಿದವರು ಜರ್ಮನ್ ಹುಡುಗರು. ಒಂದು ಆಟ ಊರಿನಿಂದೂರಿಗೆ ಹೋಗುವುದು ಹೀಗೆಯೇ ಎಂಬುದನ್ನು ನಾನು ಬಲ್ಲೆ. ನಮ್ಮಲ್ಲಿಗೆ ಕ್ರಿಕೆಟ್ ಬಂದದ್ದೂ ದಂಡಿನ ಬೇಲಿಯ ಸಂದಿಯಿಂದಲೇ.

ಬೇಲಿಯ ಆಚೆಯಿಂದ ನೋಡಿದವರು ಒಳಗೆ ಬರಲು ಮೂವತ್ತು ವರ್ಷ ಹಿಡಿಯಿತು. 1977ರಲ್ಲಿ ಅಲೆಕ್ಸಾಂಡರ್ ಸ್ಪೆರ್ಬರ್ ಎಂಬವರು ಇದೇ ಊರಿನಲ್ಲಿ ಫ್ರಾಂಕ್‌ಫರ್ಟರ್ ಲೋವೆನ್, ಅಂದರೆ ಫ್ರಾಂಕ್‌ಫರ್ಟಿನ ಸಿಂಹಗಳು, ಎಂಬ ತಂಡ ಕಟ್ಟಿದರು. ಜರ್ಮನಿಯ ಮೊದಲ ತಂಡ ಅದು. 1979ರಲ್ಲಿ ಲೀಗ್ ಶುರುವಾಯಿತು. ಮೊದಲ ಫೈನಲ್‌ನಲ್ಲಿ ಸಿಂಹಗಳು ಆನ್ಸ್‌ಬಾಖ್ ಊರಿನ ಗ್ರಿಜ್ಲಿ ಕರಡಿಗಳನ್ನು ಸೋಲಿಸಿದವು. ಆನ್ಸ್‌ಬಾಖ್ ಕೂಡ ಅಮೆರಿಕನ್ನರ ದಂಡಿದ್ದ ಊರೇ.

ಮಧ್ಯಾಹ್ನ ಲೋಕಲ್ ರೈಲು ಹಿಡಿದು 'ಸ್ಟಾಡಿಯೋನ್' ನಿಲ್ದಾಣದಲ್ಲಿ ಇಳಿದೆ. ಕಾಡಿನ ನಡುವೆ ಇರುವುದರಿಂದ ಊರಿನವರ ಬಾಯಲ್ಲಿ ಅದು ಇಂದಿಗೂ ವಾಲ್ಡ್‌ಸ್ಟಾಡಿಯೋನ್, ಕಾಡಿನ ಕ್ರೀಡಾಂಗಣ. ಫಲಕದ ಮೇಲೆ ಬ್ಯಾಂಕೊಂದರ ಹೆಸರಿದೆ. ದಾರಿಯುದ್ದಕ್ಕೂ ಒದ್ದೆ ಎಲೆ. ಪಂದ್ಯವಿಲ್ಲದ ದಿನವಾದ್ದರಿಂದ ಒಳಗೆ ಬಿಡಲಿಲ್ಲ. ಗೇಟಿನ ಸರಳು ಹಿಡಿದು ನಿಂತು ನಾನು ನೆನೆಸಿಕೊಂಡದ್ದು 1991ರ ಮಾರ್ಚ್ 23ನ್ನು. ಅಮೆರಿಕದ ಎನ್‌ಎಫ್‌ಎಲ್ ತನ್ನ ದುಡ್ಡು ಹಾಕಿ ಕಟ್ಟಿದ ವರ್ಲ್ಡ್ ಲೀಗ್‌ನ ಮೊದಲ ಪಂದ್ಯ ನಡೆದದ್ದು ಇಲ್ಲಿ. ಲಂಡನ್ ಮೊನಾರ್ಕ್ಸ್ ತಂಡ ಫ್ರಾಂಕ್‌ಫರ್ಟ್ ಗ್ಯಾಲಕ್ಸಿಯನ್ನು 24-11ರಿಂದ ಮಣಿಸಿತು. ಎರಡೇ ವರ್ಷಕ್ಕೆ ಲೀಗ್ ನಿಂತಿತು. 1995ರಲ್ಲಿ ಯೂರೋಪಿನ ಆರು ತಂಡಗಳೊಂದಿಗೆ ಮತ್ತೆ ಎದ್ದಿತು. 1998ರಲ್ಲಿ ಎನ್‌ಎಫ್‌ಎಲ್ ಯೂರೋಪ್ ಎಂದು ಹೆಸರು ಬದಲಿಸಿಕೊಂಡಿತು. ಅಮೆರಿಕದ ತಂಡಗಳು ತಮ್ಮ ಬೆಂಚಿನ ಹುಡುಗರನ್ನು ಪಳಗಲಿ ಎಂದು ವಸಂತಕಾಲದಲ್ಲಿ ಇಲ್ಲಿಗೆ ಅಟ್ಟುತ್ತಿದ್ದವು. ಆ ಹುಡುಗರಲ್ಲಿ ಒಬ್ಬ, 1998ರಲ್ಲಿ ಆಮ್‌ಸ್ಟರ್‌ಡ್ಯಾಮ್ ತಂಡಕ್ಕೆ ಆಡಿದ ಕರ್ಟ್ ವಾರ್ನರ್, ಎರಡೇ ವರ್ಷದೊಳಗೆ ಎನ್‌ಎಫ್‌ಎಲ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡನ್ನು ಹಂಚುವ ಸೂತ್ರಧಾರ, ಆದ. ಅದಕ್ಕಿಂತ ನನಗೆ ಇಷ್ಟವಾಗುವ ಕಥೆ ಮಾನ್‌ಫ್ರೆಡ್ ಬುರ್ಗ್ಸ್‌ಮ್ಯೂಲರ್ ಅವರದು. ಜರ್ಮನಿಯ ಕಾಲ್ಚೆಂಡಿನ ಬುಂಡೆಸ್‌ಲೀಗಾದಲ್ಲಿ 213 ಗೋಲು ಹೊಡೆದು ನಿವೃತ್ತರಾಗಿದ್ದವರು ಡ್ಯೂಸೆಲ್‌ಡಾರ್ಫಿನ ರೈನ್ ಫೈರ್ ತಂಡದಲ್ಲಿ ಚೆಂಡು ಒದೆಯುವ ಕೆಲಸ ಹಿಡಿದು, 52ನೆಯ ವಯಸ್ಸಿನವರೆಗೂ ಒದ್ದರು.

ಈ ಲೀಗಿನ ಫೈನಲ್ ಆದ ವರ್ಲ್ಡ್ ಬೌಲನ್ನು ಗ್ಯಾಲಕ್ಸಿ ನಾಲ್ಕು ಸಲ ಗೆದ್ದಿತು. ಪಂದ್ಯಕ್ಕೆ ಮುಂಚೆ ಈ ಗೇಟಿನ ಹೊರಗೆ ನಡೆಯುತ್ತಿದ್ದ 'ಪವರ್ ಪಾರ್ಟಿ'ಗೆ ಜನ ಜಾತ್ರೆಗೆ ಬಂದಂತೆ ಬರುತ್ತಿದ್ದರಂತೆ. ಜರ್ಮನಿ ಒಂದನ್ನು ಬಿಟ್ಟು ಮಿಕ್ಕ ಕಡೆ ಜನ ಸೇರಲಿಲ್ಲ. ಲಂಡನ್, ಬಾರ್ಸಿಲೋನಾ, ಸ್ಕಾಟ್ಲೆಂಡ್ ತಂಡಗಳು ಒಂದೊಂದಾಗಿ ಮುಚ್ಚಿ, ಕೊನೆಗೆ ಆರರಲ್ಲಿ ಐದು ಜರ್ಮನ್ ತಂಡಗಳೇ ಉಳಿದವು. ವರ್ಷಕ್ಕೆ ಸುಮಾರು 3 ಕೋಟಿ ಡಾಲರ್ ನಷ್ಟವೆಂದು ಆಗ ಪತ್ರಿಕೆಗಳು ಬರೆದವು. 2007ರ ಜೂನ್ 23ರಂದು ಇದೇ ಕ್ರೀಡಾಂಗಣದಲ್ಲಿ ಹ್ಯಾಂಬರ್ಗ್ ತಂಡ ಗ್ಯಾಲಕ್ಸಿಯನ್ನು 37-28ರಿಂದ ಸೋಲಿಸಿದ ಕೊನೆಯ ಫೈನಲ್‌ಗೆ 48 ಸಾವಿರ ಜನ ಬಂದಿದ್ದರು. ಆರು ದಿನ ಕಳೆಯುವಷ್ಟರಲ್ಲಿ ಎನ್‌ಎಫ್‌ಎಲ್ ಬಾಗಿಲು ಹಾಕಿಕೊಂಡಿತು. 48 ಸಾವಿರ ಜನ ಬರುವ ಅಂಗಡಿಯನ್ನು ಮುಚ್ಚುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೆ ಅವರ ಲೆಕ್ಕ ಬೇರೆಯೇ ಇತ್ತು: ಅದೇ ವರ್ಷದ ಅಕ್ಟೋಬರ್ 28ರಂದು ಲಂಡನ್ನಿನ ವೆಂಬ್ಲಿಯಲ್ಲಿ ನ್ಯೂಯಾರ್ಕ್ ಜೈಂಟ್ಸ್ ಮತ್ತು ಮಯಾಮಿ ಡಾಲ್ಫಿನ್ಸ್ ತಂಡಗಳನ್ನು ಕರೆತಂದು, ಅಂಕಪಟ್ಟಿಗೆ ಸೇರುವ ನಿಜವಾದ ಪಂದ್ಯವನ್ನೇ ಆಡಿಸಿದರು. ಇನ್ನು ಮುಂದೆ ಬೆಂಚಿನ ಹುಡುಗರಲ್ಲ, ಮದುವೆಯ ಮೆರವಣಿಗೆಯೇ ಬರುತ್ತದೆ ಎಂಬುದು ಅದರ ಅರ್ಥ.

ಹಾಗಾದರೆ 2007ಕ್ಕೂ, ಎನ್‌ಎಫ್‌ಎಲ್ ಜರ್ಮನಿಗೆ ಮತ್ತೆ ಬಂದ 2022ಕ್ಕೂ ನಡುವಿನ ಹದಿನೈದು ವರ್ಷ ಈ ಆಟವನ್ನು ಸಾಕಿದವರು ಯಾರು? ಅದನ್ನು ತಿಳಿಯಲು ದೊಡ್ಡ ಊರು ಬಿಟ್ಟು ಚಿಕ್ಕ ಊರಿಗೆ ಹೋಗಬೇಕು ಎಂದು ಅಳಿಯ ರಾತ್ರಿ ಊಟಕ್ಕೆ ಕುಳಿತಾಗ ಹೇಳಿದ.

ನವೆಂಬರ್ 7, ಶುಕ್ರವಾರ: ಷ್ವೇಬಿಷ್ ಹಾಲ್

ಅಳಿಯ ರಜೆ ಹಾಕಿ ಕಾರು ತೆಗೆದ. ದಾರಿ ಎರಡು ಗಂಟೆಗೂ ಮಿಕ್ಕಿದ್ದು. ಮಂಜಿನಲ್ಲಿ ಕಂಡದ್ದು ಕಡಿಮೆ. ಷ್ವೇಬಿಷ್ ಹಾಲ್ ಹಿಂದೆ ಉಪ್ಪು ಬೇಯಿಸಿ ಬದುಕಿದ ಊರು. ಕೊಖರ್ ನದಿಯ ಎರಡೂ ದಂಡೆಗೆ ಮರದ ತೊಲೆಗಳ ಹಳೆಯ ಮನೆಗಳು ಒತ್ತಿಕೊಂಡು ನಿಂತಿವೆ. ಸಂತ ಮಿಖಾಯೇಲನ ಚರ್ಚಿನ ಮುಂದಿನ ಅಗಲವಾದ ಮೆಟ್ಟಿಲುಗಳ ಮೇಲೆ ಬೇಸಿಗೆಯಲ್ಲಿ ನಾಟಕವಾಡುತ್ತಾರೆ. ಜನಸಂಖ್ಯೆ ಸುಮಾರು 40 ಸಾವಿರ, ಅಂದರೆ ನಮ್ಮ ತಿಪಟೂರಿಗಿಂತ ಚಿಕ್ಕದು. ಈ ಊರಿನ ಯುನಿಕಾರ್ನ್ಸ್ ತಂಡ 2011, 2012, 2017, 2018 ಮತ್ತು 2022ರಲ್ಲಿ ಜರ್ಮನಿಯ ಚಾಂಪಿಯನ್ ಆಗಿದೆ.

ಅಳಿಯನ ಸಹೋದ್ಯೋಗಿಯೊಬ್ಬರ ಊರು ಇದೇ. ಅವರು ನಮ್ಮನ್ನು ಮೈದಾನದ ಪಕ್ಕದ ಉಗ್ರಾಣಕ್ಕೆ ಕರೆದೊಯ್ದರು. ಬಾಗಿಲು ತೆರೆದೊಡನೆ ಮೂಗಿಗೆ ಹೊಡೆದ ವಾಸನೆ, ಒಣಗಿದ ಬೆವರು, ಚರ್ಮ, ರಬ್ಬರು, ನಮ್ಮ ಶಾಲೆಯ ಆಟದ ಸಾಮಾನಿನ ಕೋಣೆಯದೇ. ಗೋಡೆಯ ಗೂಟಗಳಿಗೆ ಭುಜದ ಕವಚಗಳು ತೂಗಾಡುತ್ತಿದ್ದವು. ಎಪ್ಪತ್ತರ ಹತ್ತಿರದ ಹಿರಿಯರೊಬ್ಬರು ಮೇಜಿನ ಮುಂದೆ ಕುಳಿತು ಹೆಲ್ಮೆಟ್ ಒಂದನ್ನು ಮಗುಚಿಹಾಕಿಕೊಂಡು ಅದರ ಮುಖದ ಸರಳಿನ ತಿರುಪು ಬಿಗಿಮಾಡುತ್ತಿದ್ದರು. ಒಂದು ಹೆಲ್ಮೆಟ್ ನೋಡಲು ಅವರಿಗೆ ಬೇಕಾದ ಸಮಯ ಹತ್ತು ನಿಮಿಷ. ತಿರುಪು ಬಿಗಿಯಿದೆಯೇ, ಒಳಗಿನ ಗಾಳಿಯ ಮೆತ್ತೆ ಸೋರುತ್ತಿದೆಯೇ, ಗದ್ದದ ಪಟ್ಟಿಯ ಗುಂಡಿ ಸವೆದಿದೆಯೇ, ಚಿಪ್ಪಿನಲ್ಲಿ ಕೂದಲೆಳೆಯ ಬಿರುಕಿದೆಯೇ ಎಂದು ನೋಡಿದರು. ಬಿರುಕು ಹುಡುಕುವಾಗ ಅವರು ಕನ್ನಡಕ ತೆಗೆದಿಟ್ಟು, ಕಣ್ಣು ಮುಚ್ಚಿ, ಹೆಬ್ಬೆರಳಿನ ಉಗುರನ್ನು ಚಿಪ್ಪಿನ ಮೇಲೆ ಎಳೆಯುತ್ತಿದ್ದರು. ಮಡಕೆ ಕೊಳ್ಳುವಾಗ ನಮ್ಮ ತಾಯಿ ಬೆರಳಿನಿಂದ ತಟ್ಟಿ ನೋಡುತ್ತಿದ್ದದ್ದು ನೆನಪಾಯಿತು.

ಅವರಿಗೆ ಸಂಬಳವಿಲ್ಲ. ಇದು ಜರ್ಮನರ 'ಫೆರೈನ್' ಪದ್ಧತಿ: ಊರಿನವರು ನೋಂದಾಯಿಸಿದ ಸಂಘ, ಸದಸ್ಯರ ವಂತಿಗೆ, ಉಳಿದದ್ದೆಲ್ಲ ಬಿಟ್ಟಿ ದುಡಿಮೆ. ಇಲ್ಲಿನ ಮೂಲಸಂಘ 1844ರಲ್ಲಿ ಹುಟ್ಟಿದ ವ್ಯಾಯಾಮ ಸಂಘ. ಯುನಿಕಾರ್ನ್ಸ್ 1983ರಲ್ಲಿ ಶುರುವಾಗಿ ಅದರ ಒಂದು ವಿಭಾಗವಾಗಿ ಬೆಳೆಯಿತು. ಊರಂಚಿನಲ್ಲಿ ಆಗ ಅಮೆರಿಕನ್ನರ ಡೋಲನ್ ಬ್ಯಾರಕ್ಸ್ ಇತ್ತು. ಮೊದಲ ವರ್ಷಗಳ ಹೆಲ್ಮೆಟ್‌ಗಳಲ್ಲಿ ಎಷ್ಟೋ ಸೈನಿಕರು ಬಿಟ್ಟುಕೊಟ್ಟ ಹಳೆಯವು, ಕೆಲವಂತೂ ಎರಡು ತಲೆಗೆ ಒಂದು ಎಂದು ಹಿರಿಯರು ನಕ್ಕರು. ಒಳಗೆ ಹೋಗುವವನು ಹೊರಬಂದವನ ಬೆವರಿನ ಹೆಲ್ಮೆಟ್ಟನ್ನೇ ಏರಿಸಿಕೊಳ್ಳಬೇಕಿತ್ತಂತೆ.

ಈ ಊರಿನಿಂದಲೇ ಮೋರಿಟ್ಸ್ ಬೋರಿಂಗರ್ ಹೊರಟದ್ದು. ಹತ್ತಿರದ ಆಲೆನ್ ಊರಿನ ಈ ಎತ್ತರದ ಹುಡುಗ ಚೆಂಡು ಹೊತ್ತು ಓಡುವ ಅಮೆರಿಕದ ಆಟಗಾರ ಏಡ್ರಿಯನ್ ಪೀಟರ್ಸನ್‌ನ ಆಟವನ್ನು ಯೂಟ್ಯೂಬಿನಲ್ಲಿ ನೋಡಿ ಮರುಳಾಗಿ ಚೆಂಡು ಹಿಡಿದ. ಯುನಿಕಾರ್ನ್ಸ್‌ಗೆ 2015ರಲ್ಲಿ ಒಂದು ಋತು ಆಡಿದ. ಮರುವರ್ಷ ಅದೇ ಪೀಟರ್ಸನ್ ಆಡುತ್ತಿದ್ದ ಮಿನ್ನೆಸೋಟ ವೈಕಿಂಗ್ಸ್ ತಂಡ ಇವನನ್ನು ಡ್ರಾಫ್ಟಿನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಲ್ಲಿ, 180ನೆಯವನಾಗಿ ಆರಿಸಿತು. ಅಮೆರಿಕದ ಕಾಲೇಜಿನಲ್ಲಿ ಆಡದೆ, ಯೂರೋಪಿನ ಕ್ಲಬ್ಬಿನಿಂದ ನೇರವಾಗಿ ಹಾಗೆ ಆಯ್ಕೆಯಾದವರಲ್ಲಿ ಅವನೇ ಮೊದಲಿಗ. ಅಲ್ಲಿ ಅಂಕಪಟ್ಟಿಯ ಪಂದ್ಯವೊಂದರಲ್ಲೂ ಅವನಿಗೆ ಆಡಲು ಸಿಗಲಿಲ್ಲ. ಅದನ್ನು ಸೋಲೆಂದು ಇಲ್ಲಿ ಯಾರೂ ಹೇಳುವುದಿಲ್ಲ. "ಆ ವರ್ಷ ನಮ್ಮಲ್ಲಿ ಸೇರಲು ಬಂದ ಮಕ್ಕಳಿಗೆ ಹೆಲ್ಮೆಟ್ ಸಾಲಲಿಲ್ಲ" ಎಂದಷ್ಟೇ ಹಿರಿಯರು ಹೇಳಿದರು. ಹೊರದೇಶಗಳ ಹುಡುಗರಿಗೆಂದು ಎನ್‌ಎಫ್‌ಎಲ್ 2017ರಲ್ಲಿ ಬೇರೆಯೇ ಒಂದು ದಾರಿ ತೆರೆಯಿತು. ಸ್ಟುಟ್‌ಗಾರ್ಟಿನ ಯಾಕೋಬ್ ಜಾನ್ಸನ್ ಆ ದಾರಿಯಿಂದ ಹೋಗಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡದಲ್ಲಿ ವರ್ಷಗಟ್ಟಲೆ ಆಡಿದ.

ಹೊರಡುವ ಮುಂಚೆ ನಾನೊಂದು ಪ್ರಶ್ನೆ ಕೇಳಿದೆ. ಅಮೆರಿಕದಿಂದ ಆಟಗಾರರನ್ನು ಕರೆಸಿಕೊಂಡು ಗೆದ್ದುಬಿಡಬಹುದಲ್ಲ? ಕರೆಸುತ್ತೇವೆ, ಆದರೆ ಏಕಕಾಲಕ್ಕೆ ಮೈದಾನದಲ್ಲಿ ಇಬ್ಬರಿಗಿಂತ ಹೆಚ್ಚು ಇರುವಂತಿಲ್ಲ ಎಂದರು. ಕರೆಸಿದವರು ಸಾಮಾನ್ಯವಾಗಿ ಕ್ವಾರ್ಟರ್‌ಬ್ಯಾಕ್. ಏಕೆಂದರೆ ಆ ಕೈಚಳಕ ಎಳವೆಯಿಂದಲೇ ಬರಬೇಕು. ಯೂರೋಪಿನ ಆಟದ ಕೊರತೆ ಇಲ್ಲಿಯೇ ಎಂದು ನನಗನಿಸಿತು. ಬಲ ಬೆಳೆದಿದೆ, ತಲೆ ಇನ್ನೂ ಎರವಲಿನದು.

ನವೆಂಬರ್ 8, ಶನಿವಾರ: ರೈಲಿನಲ್ಲಿ

ಮೂವರೂ ಫ್ರಾಂಕ್‌ಫರ್ಟಿನಿಂದ ಬರ್ಲಿನ್ನಿಗೆ ಹೊರಟೆವು. ಮಗಳು ಕಟ್ಟಿಕೊಟ್ಟ ಚಿತ್ರಾನ್ನ ಕಾಸೆಲ್ ಬರುವಷ್ಟರಲ್ಲಿ ಖಾಲಿಯಾಯಿತು. ಬೋಗಿಯಲ್ಲಿ ಅರ್ಧ ಜನ ನಾಳೆಯ ಪಂದ್ಯಕ್ಕೆ ಹೊರಟವರೇ. ವಿಚಿತ್ರವೆಂದರೆ, ಆಡಲಿರುವ ಎರಡು ತಂಡಗಳ ಅಂಗಿ ತೊಟ್ಟವರು ಕಡಿಮೆ. ಡೆನ್ವರ್, ಚಿಕಾಗೊ, ಸಿಯಾಟಲ್ ಎಂದು ಲೀಗಿನ 32 ತಂಡಗಳಲ್ಲಿ ಯಾವುದಾದರೊಂದರ ಅಂಗಿ ತೊಟ್ಟವರೇ ಹೆಚ್ಚು. ಬೆಂಗಳೂರಿನ ಐಪಿಎಲ್ ಪಂದ್ಯಕ್ಕೆ ಆರ್‌ಸಿಬಿ ಅಂಗಿ ಬಿಟ್ಟು ಬೇರೆಯದು ತೊಟ್ಟು ಹೋಗುವ ಧೈರ್ಯ ನಮ್ಮಲ್ಲಿ ಯಾರಿಗಿದೆ? ಇಲ್ಲಿ ಜನ ಬರುವುದು ತಂಡಕ್ಕಾಗಿ ಅಲ್ಲ, ಆಟಕ್ಕಾಗಿ.

ಎದುರಿಗೆ ಕುಳಿತಿದ್ದ ವಿಯೆನ್ನಾದ ಗಂಡಹೆಂಡಿರು ತಮ್ಮೂರಿನ ವೈಕಿಂಗ್ಸ್ ತಂಡದ ಕಂಬಳಿ ಹೊದ್ದಿದ್ದರು. ಮಾತು 2021ರಲ್ಲಿ ಶುರುವಾದ ಯೂರೋಪಿಯನ್ ಲೀಗ್ ಆಫ್ ಫುಟ್‌ಬಾಲ್ ಕಡೆಗೆ ಹೊರಳಿತು. ಮೊದಲ ವರ್ಷ ಜರ್ಮನಿಯ ಆರು, ಪೋಲೆಂಡಿನ ವ್ರೊಟ್ಸ್‌ವಾಫ್ ಮತ್ತು ಬಾರ್ಸಿಲೋನಾ ಸೇರಿ ಎಂಟು ತಂಡ. ಗ್ಯಾಲಕ್ಸಿ, ಸೀ ಡೆವಿಲ್ಸ್, ಡ್ರ್ಯಾಗನ್ಸ್ ಎಂಬ, ಎನ್‌ಎಫ್‌ಎಲ್ ಯೂರೋಪ್ ಕಾಲದ ಸತ್ತ ಹೆಸರುಗಳಿಗೆ ಅದು ಮತ್ತೆ ಜೀವ ಕೊಟ್ಟಿತು. ಮೊದಲ ಕಿರೀಟ ಗ್ಯಾಲಕ್ಸಿಗೆ, 2022ರದು ಇವರ ವಿಯೆನ್ನಾಕ್ಕೆ, ಮುಂದಿನ ಎರಡು ರೈನ್ ಫೈರ್ ತಂಡಕ್ಕೆ, ಈ ಸೆಪ್ಟೆಂಬರಿನದು ಸ್ಟುಟ್‌ಗಾರ್ಟ್ ಸರ್ಜ್‌ಗೆ. ಸರ್ಜ್‌ನ ತರಬೇತುದಾರ ಜೋರ್ಡನ್ ನ್ಯೂಮನ್ ಹಿಂದೆ ಹಾಲ್ ಊರಿನ ಯುನಿಕಾರ್ನ್ಸ್ ಪಳಗಿಸಿದವರು ಎಂದು ಅವರು ಹೇಳಿದಾಗ ನಿನ್ನೆಯ ಉಗ್ರಾಣದ ವಾಸನೆ ಮತ್ತೆ ಬಂದಂತಾಯಿತು. ದುಡ್ಡಿನ ಕಥೆ ಮಾತ್ರ ಇಲ್ಲಿಯೂ ತೊಡಕಿನದೇ: ಲೈಪ್ಸಿಗ್ ತಂಡ 2023ರ ಋತುವಿನ ನಡುವೆಯೇ ದಿವಾಳಿಯಾಯಿತು, ಮತ್ತು ಈ ವರ್ಷ ಹಲವು ತಂಡಗಳು ಲೀಗಿನ ಆಡಳಿತದ ಮೇಲೆ ಮುನಿಸಿಕೊಂಡು ಬೇರೆ ಒಕ್ಕೂಟ ಕಟ್ಟಿಕೊಂಡಿವೆ. "ಲೀಗ್ ಹೋದರೆ ಹೋಗಲಿ, ನಮ್ಮ ತಂಡ ಎಲ್ಲಿಗೂ ಹೋಗುವುದಿಲ್ಲ" ಎಂದರು ಆ ಮಹಿಳೆ, ಕಂಬಳಿ ಸರಿಪಡಿಸಿಕೊಳ್ಳುತ್ತ.

ರೈಲು ಬ್ರೌನ್‌ಷ್ವೈಗಿನಲ್ಲಿ ನಿಂತಿತು. 12 ಸಲ ಜರ್ಮನಿಯ ಪ್ರಶಸ್ತಿ ಗೆದ್ದ ಲಯನ್ಸ್ ಈ ಊರಿನವರು. ಇಬ್ಬರು ಹುಡುಗರು ಮೊಟ್ಟೆಚೆಂಡು ಕಂಕುಳಲ್ಲಿ ಇರುಕಿಕೊಂಡು ಹತ್ತಿದರು, ಅಷ್ಟೆ. ಬರ್ಲಿನ್ ತಲುಪಿದಾಗ ನಾಲ್ಕೂವರೆಗೇ ಕತ್ತಲಾಗಿತ್ತು.

ನವೆಂಬರ್ 9, ಭಾನುವಾರ: ಬರ್ಲಿನ್

ನವೆಂಬರ್ 9 ಈ ಊರಿಗೆ ಹಗುರವಾದ ದಿನವಲ್ಲ. 1989ರಲ್ಲಿ ಬರ್ಲಿನ್ ಗೋಡೆ ತೆರೆದದ್ದು ಈ ದಿನ. 1938ರಲ್ಲಿ ಯಹೂದ್ಯರ ಮನೆ, ಅಂಗಡಿ, ಪ್ರಾರ್ಥನಾ ಮಂದಿರಗಳ ಮೇಲೆ ನಾಜಿಗಳು ದಾಳಿ ಮಾಡಿದ್ದೂ ಇದೇ ರಾತ್ರಿ. ನಾವು ಉಳಿದುಕೊಂಡಿದ್ದ ಬೀದಿಯಲ್ಲಿ, ಮನೆಬಾಗಿಲ ಮುಂದೆ ನೆಲದಲ್ಲಿ ಹುದುಗಿಸಿದ ಹಿತ್ತಾಳೆಯ ಪುಟ್ಟ ನೆನಪಿನ ಫಲಕಗಳ ಪಕ್ಕ ಯಾರೋ ಮೋಂಬತ್ತಿ ಹಚ್ಚಿಟ್ಟಿದ್ದರು. ಹೆಲ್ಮೆಟ್ ಚಿತ್ರದ ಟೊಪ್ಪಿಗೆ ತೊಟ್ಟ ಜನ ಅದನ್ನು ತುಳಿಯದಂತೆ ಸುತ್ತಿಕೊಂಡು ರೈಲು ನಿಲ್ದಾಣದ ಕಡೆಗೆ ನಡೆಯುತ್ತಿದ್ದರು.

ಒಲಿಂಪಿಯಾಸ್ಟಾಡಿಯೋನ್ 1936ರ ಒಲಿಂಪಿಕ್ಸ್‌ಗೆ ಕಟ್ಟಿದ್ದು. ಹೊರಗಿನಿಂದ ಅಷ್ಟೇನೂ ಎತ್ತರ ಕಾಣದು. ಒಳಗೆ ಕಾಲಿಟ್ಟೊಡನೆ ಅಂಗಣ ಕಲ್ಯಾಣಿಯಂತೆ ಕೆಳಗೆ ಕೆಳಗೆ ಇಳಿಯುತ್ತ ಹೋಗುತ್ತದೆ, ಏಕೆಂದರೆ ಆಟದ ಬಯಲು ಹೊರಗಿನ ನೆಲಮಟ್ಟಕ್ಕಿಂತ 12 ಮೀಟರ್ ಆಳದಲ್ಲಿದೆ. ಜೆಸ್ಸಿ ಓವೆನ್ಸ್ ನಾಲ್ಕು ಚಿನ್ನ ಗೆದ್ದದ್ದು ಇಲ್ಲಿ. ನನಗೆ ಮಾತ್ರ ಇನ್ನೊಂದು ಹೆಸರು ಮೊದಲು ಬಂತು: ಪಕ್ಕದ ಹಾಕಿ ಅಂಗಣದಲ್ಲಿ 1936ರ ಆಗಸ್ಟ್ 15ರಂದು ಧ್ಯಾನ್‌ಚಂದರ ಭಾರತ ತಂಡ ಜರ್ಮನಿಯನ್ನು 8-1ರಿಂದ ಸೋಲಿಸಿತ್ತು. ಆ ದಿಕ್ಕಿಗೆ ತಿರುಗಿ ಒಂದು ನಿಮಿಷ ನಿಂತೆ. "ತಾತ, ಯಾರಿಗೆ ಕೈ ಮುಗೀತಿದ್ದೀರ?" ಎಂದು ಮೊಮ್ಮಗ ಕೇಳಿದ. ಹೇಳಿದೆ. ಅವನಿಗೆ ಆ ಹೆಸರು ಗೊತ್ತಿರಲಿಲ್ಲ, ತಪ್ಪು ಅವನದಲ್ಲ.

ಬಾಗಿಲಲ್ಲಿ ನನ್ನ ಬಟ್ಟೆಯ ಚೀಲವನ್ನು ತಡೆದರು, ಅಳತೆಗಿಂತ ದೊಡ್ಡದು. ಚೀಲ ಕಾಪಿಡುವ ಕೋಣೆಗೆ ಹೋಯಿತು, ಅದರೊಳಗಿನ ಕೋಡುಬಳೆ ಮೊಮ್ಮಗನ ಕೋಟಿನ ಜೇಬಿಗೆ ಹೋಯಿತು.

ಎನ್‌ಎಫ್‌ಎಲ್ ಈ ಅಂಗಣಕ್ಕೆ ಮೊದಲು ಬಂದದ್ದು 1990ರ ಆಗಸ್ಟಿನಲ್ಲಿ. ಗೋಡೆ ಬಿದ್ದಾಗಿತ್ತು, ಎರಡು ಜರ್ಮನಿಗಳು ಇನ್ನೂ ಒಂದಾಗಿರಲಿಲ್ಲ. ಆ ನಡುವಿನ ತಿಂಗಳಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್ ಮತ್ತು ಕ್ಯಾನ್ಸಸ್ ಸಿಟಿ ಚೀಫ್ಸ್ ಒಂದು ಪ್ರದರ್ಶನ ಪಂದ್ಯ ಆಡಿದ್ದವು. ಇಂದಿನದು ಅಂಕಪಟ್ಟಿಗೆ ಸೇರುವ ಪಂದ್ಯ: ಇಂಡಿಯಾನಾಪೊಲಿಸ್ ಕೋಲ್ಟ್ಸ್, ಅಟ್ಲಾಂಟಾ ಫಾಲ್ಕನ್ಸ್. 72 ಸಾವಿರಕ್ಕೂ ಹೆಚ್ಚು ಜನ. 2022ರಲ್ಲಿ ಮ್ಯೂನಿಕ್‌ನಲ್ಲಿ ಟಾಮ್ ಬ್ರೇಡಿಯ ಟ್ಯಾಂಪಾ ಬೇ ತಂಡ ಸಿಯಾಟಲನ್ನು 21-16ರಿಂದ ಸೋಲಿಸಿದ ದಿನ ಟಿಕೆಟ್ಟಿಗಾಗಿ ಮುಗಿಬಿದ್ದವರಲ್ಲಿ ಅಳಿಯನೂ ಇದ್ದ, ಸಿಕ್ಕಿರಲಿಲ್ಲ. ಅಂದು ಇಡೀ ಅಂಗಣ ಅಮೆರಿಕದ ಹಳೆಯ ಹಳ್ಳಿಹಾಡೊಂದನ್ನು ಒಂದೇ ದನಿಯಲ್ಲಿ ಹಾಡಿದ್ದನ್ನು ನೋಡಿ ಅಮೆರಿಕನ್ನರೇ ಬೆರಗಾಗಿದ್ದರು. ಅದರ ಹಿಂದೆ ಟಿವಿಯ ಕೈವಾಡವಿದೆ. 2015ರಿಂದ ಜರ್ಮನಿಯ ಉಚಿತ ವಾಹಿನಿಯೊಂದು ಭಾನುವಾರ ಸಂಜೆ ಏಳು ಗಂಟೆಗೆ, ಊಟದ ಹೊತ್ತಿಗೆ, ಅಮೆರಿಕದ ಪಂದ್ಯಗಳನ್ನು ತೋರಿಸತೊಡಗಿತು. ಹಳೆಯ ಆಟಗಾರರು ಕುಳಿತು ನಿಯಮಗಳನ್ನು ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದರು. ಬಳಿಕ ಹಕ್ಕು ಇನ್ನೊಂದು ವಾಹಿನಿಗೆ ಹೋಯಿತು, ಹೊತ್ತು ಮಾತ್ರ ಅದೇ ಉಳಿಯಿತು. ನನ್ನ ಅಳಿಯ ಆಟ ಕಲಿತದ್ದೂ ಚಪಾತಿ ತಿನ್ನುತ್ತ ಹಾಗೆಯೇ.

ಆಟದ ಎಲುಬು ಸರಳವಾದದ್ದು. ಹನ್ನೊಂದು ಜನರ ತಂಡಕ್ಕೆ ನಾಲ್ಕು ಯತ್ನ. ಅಷ್ಟರೊಳಗೆ ಚೆಂಡನ್ನು ಹತ್ತು ಗಜ ಮುಂದೆ ಒಯ್ದರೆ ಮತ್ತೆ ನಾಲ್ಕು ಯತ್ನ ಸಿಗುತ್ತದೆ, ಇಲ್ಲವಾದರೆ ಚೆಂಡು ಎದುರಾಳಿಯದು. ನೂರು ಗಜದ ಬಯಲಿನಾಚೆಯ ಅಂಕಣಕ್ಕೆ ಚೆಂಡು ಹೊತ್ತು ಹೋದರೆ ಟಚ್‌ಡೌನ್, ಆರು ಅಂಕ. ಮೊದಲ ಅರ್ಧಗಂಟೆ ನನಗೆ ಬೇಸರವೇ ಆಯಿತೆಂದು ಒಪ್ಪಿಕೊಳ್ಳುತ್ತೇನೆ. ಐದು ಸೆಕೆಂಡು ಆಟ, ಅರ್ಧ ನಿಮಿಷ ಮಾತುಕತೆ. ಕಬಡ್ಡಿಯಲ್ಲಿ ಉಸಿರು ಬಿಟ್ಟರೆ ಔಟು. ಇಲ್ಲಿ ಉಸಿರು ಬಿಡುವುದಕ್ಕೇ ಸಮಯ. ಆಮೇಲೆ ನಾನು ಚೆಂಡು ನೋಡುವುದನ್ನು ನಿಲ್ಲಿಸಿ ಸಾಲು ನೋಡತೊಡಗಿದೆ. ಚೆಂಡು ಹಿಂದಕ್ಕೆ ಹೋದ ಕ್ಷಣ ಐದು ಜನ ದೈತ್ಯರು ಎದುರಿನವರ ಎದೆಗೆ ಅಂಗೈ ಕೊಟ್ಟು ಅರ್ಧ ಹೆಜ್ಜೆ ಪಕ್ಕಕ್ಕೆ ಸರಿಸುತ್ತಾರೆ. ಆ ಅರ್ಧ ಹೆಜ್ಜೆಯಲ್ಲಿ ಒಬ್ಬ ಮನುಷ್ಯ ಅಡ್ಡಡ್ಡ ನುಸುಳುವಷ್ಟು ಬಾಗಿಲು ತೆರೆಯುತ್ತದೆ, ಒಂದು ಎಣಿಸುವಷ್ಟರಲ್ಲಿ ಮುಚ್ಚುತ್ತದೆ. ಒಬ್ಬನ ಕಾಲು ಜಾರಿದರೆ ಬಾಗಿಲೇ ಇಲ್ಲ. ಅಂಕಪಟ್ಟಿಯಲ್ಲಿ ಆ ಐವರ ಹೆಸರು ಎಂದೂ ಬರುವುದಿಲ್ಲ. ಕಬಡ್ಡಿಯ ಸರಪಳಿಯಲ್ಲಿ ಮೂಲೆಯಲ್ಲಿ ನಿಂತವನ ಕೆಲಸವೂ ಹೀಗೆಯೇ.

ಆ ಬಾಗಿಲಿನಿಂದ ನುಸುಳಿದವನು ಕೋಲ್ಟ್ಸ್‌ನ ಜೊನಾಥನ್ ಟೇಲರ್. ಕೊನೆಯ ಪಾದದಲ್ಲಿ ಗುಂಪಿನ ನಡುವೆ ಮುಳುಗಿದವನು ಆಚೆ ಬದಿಯಲ್ಲಿ ಎದ್ದು 83 ಗಜ ಓಡಿದ. ಡೆನ್ವರಿನ ಅಂಗಿ, ಚಿಕಾಗೊದ ಅಂಗಿ, ಎಲ್ಲ ಅಂಗಿಗಳೂ ಎದ್ದು ನಿಂತವು. ಆದರೂ ಫಾಲ್ಕನ್ಸ್ ಬಿಡಲಿಲ್ಲ, ಮತ್ತೆ ಮೇಲೇರಿದರು. ಸಮಯ ಮುಗಿಯುವ ಕೊನೆಯ ಕ್ಷಣಗಳಲ್ಲಿ ಕೋಲ್ಟ್ಸ್ ಚೆಂಡನ್ನು ಕಂಬಗಳ ನಡುವೆ ಒದ್ದು 25-25 ಸಮ ಮಾಡಿಕೊಂಡು, ಪಂದ್ಯ ಹೆಚ್ಚುವರಿ ಅವಧಿಗೆ ಹೋಯಿತು. ಅಲ್ಲಿ ಫಾಲ್ಕನ್ಸ್‌ಗೆ ಮೊದಲು ಸಿಕ್ಕ ಚೆಂಡು ಕೈಕೊಟ್ಟಿತು. ಟೇಲರ್ ಎಂಟು ಗಜದಿಂದ ಒಳನುಗ್ಗಿ 31-25ಕ್ಕೆ ಮುಗಿಸಿದ. ಅವನ ಒಟ್ಟು ಓಟ 244 ಗಜ, ಮೂರು ಟಚ್‌ಡೌನ್. ಪಕ್ಕದ ಬರ್ಲಿನ್ನಿಗರೊಬ್ಬರು ನನ್ನ ಭುಜ ಹಿಡಿದು ಕುಲುಕುತ್ತ ಅವರದೇ ಊರಿನ ಬ್ಯೋರ್ನ್ ವೆರ್ನರ್‌ನನ್ನು 2013ರಲ್ಲಿ ಮೊದಲ ಸುತ್ತಿನಲ್ಲೇ ಆರಿಸಿಕೊಂಡದ್ದು ಇದೇ ಕೋಲ್ಟ್ಸ್ ಎಂದು ಎರಡು ಸಲ ಹೇಳಿದರು. ಮಾತು ಅರ್ಧ ಜರ್ಮನ್, ಅರ್ಧ ಇಂಗ್ಲಿಷ್. ಅವರಿಗೆ ಎರಡು ಕೋಡುಬಳೆ ಕೊಟ್ಟೆವು.

ಈ ಒಂದೇ ವರ್ಷ ಯೂರೋಪಿಗೆ ಇಂಥ ಆರು ಪಂದ್ಯ. ಸೆಪ್ಟೆಂಬರಿನಲ್ಲಿ ಡಬ್ಲಿನ್ನಿನ ಕ್ರೋಕ್ ಪಾರ್ಕ್, ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ಮೂರು, ಇಂದು ಬರ್ಲಿನ್, ಮುಂದಿನ ಭಾನುವಾರ ಮ್ಯಾಡ್ರಿಡ್. ಲಂಡನ್ನಿನ ಟಾಟನ್‌ಹ್ಯಾಮ್ ಅಂಗಣದಲ್ಲಂತೂ ಕಾಲ್ಚೆಂಡಿನ ಹುಲ್ಲುಹಾಸನ್ನು ಮೂರು ತುಂಡಾಗಿ ಸರಿಸಿ ಪ್ರೇಕ್ಷಕರ ಸಾಲಿನಡಿಗೆ ತಳ್ಳಿದರೆ, ಕೆಳಗೆ ಈ ಆಟಕ್ಕೆಂದೇ ಹಾಸಿದ ಕೃತಕ ಹುಲ್ಲು ಕಾದಿರುತ್ತದೆ. ಇದೆಲ್ಲ ಬಂದು ಹೋಗುವ ಅದ್ದೂರಿ. ಅಮೆರಿಕನ್ನರು ರಾತ್ರಿಯೇ ವಿಮಾನ ಹತ್ತಿದರು. ನಾವೂ ಕೊನೆಯ ರೈಲು ಹತ್ತಿದೆವು. ಮೊಮ್ಮಗ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದ.

ನವೆಂಬರ್ 10, ಸೋಮವಾರ: ಮನೆಯ ಹಿಂದಿನ ಮೈದಾನ

ಮನೆ ಸೇರಿದಾಗ ರಾತ್ರಿ ಒಂದು ದಾಟಿತ್ತು. ಬೆಳಿಗ್ಗೆ ಏಳೂವರೆಗೆ ಹುಡುಗ ಶಾಲೆಗೆ ಹೋದ. ಸಂಜೆ ಅವನ ಅಭ್ಯಾಸ ನೋಡಲು ಹೋದೆ. ಮಕ್ಕಳು ಆಡುವುದು ಫ್ಲ್ಯಾಗ್ ಫುಟ್‌ಬಾಲ್: ಐದೈದು ಜನ, ಹೆಲ್ಮೆಟ್ ಇಲ್ಲ, ಕೆಡಹುವಂತಿಲ್ಲ, ಚೆಂಡು ಹಿಡಿದವನ ಸೊಂಟದ ಪಟ್ಟಿ ಕಿತ್ತರೆ ಓಟ ನಿಂತಂತೆ. ಹೆಣ್ಣುಮಕ್ಕಳೂ ಗಂಡುಮಕ್ಕಳೂ ಒಟ್ಟಿಗೆ ಆಡುತ್ತಾರೆ. ಖರ್ಚು ಒಂದು ಚೆಂಡು, ಹತ್ತು ಪಟ್ಟಿ. ಹಾಲ್ ಊರಿನ ಹಿರಿಯರ ಹೆಲ್ಮೆಟ್ ಕೊರತೆಗೆ ಇದೇ ಮದ್ದು ಎಂದು ಈಗ ಯೂರೋಪಿನ ಕ್ಲಬ್ಬುಗಳೆಲ್ಲ ಮಕ್ಕಳನ್ನು ಇದರಿಂದಲೇ ಶುರುಮಾಡಿಸುತ್ತಿವೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಈ ಆಟವಿದೆ. ಆ ತೀರ್ಮಾನವಾದದ್ದು 2023ರ ಅಕ್ಟೋಬರಿನಲ್ಲಿ, ನಮ್ಮ ಮುಂಬೈಯಲ್ಲಿ ಸೇರಿದ್ದ ಒಲಿಂಪಿಕ್ ಸಮಿತಿಯ ಅಧಿವೇಶನದಲ್ಲಿ. ಕ್ರಿಕೆಟ್ಟಿಗೆ ಬಾಗಿಲು ತೆರೆದ ಅದೇ ಮತದಿಂದ ಇದಕ್ಕೂ ತೆರೆಯಿತು. ಅಂದು ನಮ್ಮ ಪತ್ರಿಕೆಗಳಲ್ಲಿ ನಾನು ಓದಿದ್ದು ಕ್ರಿಕೆಟ್ಟಿನ ಸುದ್ದಿ ಮಾತ್ರ.

ತರಬೇತಿ ಕೊಡುವಾಕೆ ಹಗಲಲ್ಲಿ ದಂತವೈದ್ಯರ ಬಳಿ ಸಹಾಯಕಿ. ಅಂದು ಬಂದದ್ದು ತಡ. ವಾರವಿಡೀ ಮಳೆಗೆ ಮೈದಾನದ ಗೆರೆಗಳು ಅಳಿಸಿಹೋಗಿದ್ದವು. ಗೆರೆ ಎಳೆಯುವ ಪುಟ್ಟ ಗಾಡಿಯನ್ನು ಉಗ್ರಾಣದಿಂದ ಹೊರಗೆಳೆದು, ಯಾರಾದರೂ ದಾರ ಹಿಡಿಯುತ್ತೀರಾ ಎಂದು ಕೇಳಿದರು. ಮೊಮ್ಮಗ ನನ್ನ ಕಡೆ ಕೈ ತೋರಿಸಿ ಏನೋ ಹೇಳಿದ. ದಾರ ಹಿಡಿಯಲು ಹೋದವನು ಗಾಡಿಯನ್ನೇ ಇಸಕೊಂಡೆ. ಸುಣ್ಣದ ಡಬ್ಬ ಹಿಡಿದು ಬೆನ್ನು ಬಗ್ಗಿಸಿ ಕಬಡ್ಡಿಯಂಕಣ ಬರೆದು ರೂಢಿಯಾದ ಕೈಗೆ ಚಕ್ರದ ಗಾಡಿ ಮೊದಲು ಹಗುರವಾಗಿ ಕಂಡಿತು, ಆಮೇಲೆ ಎಡಕ್ಕೆ ಎಳೆಯಿತು. ಆಚೆ ತುದಿಯಲ್ಲಿ ಆಕೆ ದಾರ ಬಿಗಿಹಿಡಿದು ಮಂಡಿಯೂರಿದರು. ಕೆಳಗೆ ನೋಡದೆ, ಎದುರಿನ ದೀಪದ ಕಂಬಕ್ಕೆ ಕಣ್ಣು ನೆಟ್ಟು ನಡೆದೆ. ತುದಿ ಮುಟ್ಟಿ ತಿರುಗಿ ನೋಡಿದಾಗ ಒದ್ದೆ ಹುಲ್ಲಿನ ಮೇಲೆ ಬಿಳಿಯ ಗೆರೆ ಎಲ್ಲೂ ವಾಲಿರಲಿಲ್ಲ. "ತಾತ, ಇನ್ನೂ ಏಳು ಗೆರೆ ಇದೆ" ಎಂದ ಮೊಮ್ಮಗ.